ನಲ್ಲೂರಿನ ಹುಣಸೆಯ ತೋಪು

ಅಮರಸಿಂಹನು ತನ್ನ ಕೋಶದಲ್ಲಿ ತಿಂತಿಡೀ, ಚಿಂಚಾ, ಅಮ್ಲಿಕಾ ಎಂದು ಹೆಸರಿಸಿರುವ ವೃಕ್ಷವು ಹಳಗನ್ನಡದಲ್ಲಿ ಪುಣಿಸೆಯೆನಿಸಿತ್ತು. ಪಕಾರವು ಹಕಾರವಾಗಿ ಹುಣಸೆಯೆಂಬ ಈಗಿನ ರೂಪವು ಸಿದ್ಧಿಸಿತು. ಇದರ ಮೂಲಸ್ಥಾನವು ಆಫ್ರಿಕಾಖಂಡವೆಂದು ಸಸ್ಯಶಾಸ್ತ್ರಜ್ಞರ ಮತ. ಆದರೂ ಕನ್ನಡನಾಡಿನ ಹಳ್ಳಿಗಳಿಗೆ ಇದು ಮನೆಯ ಮರವೇ ಆಗಿದೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ತೋಪೊಂದಿದ್ದು, ಅದರಲ್ಲಿ 300ರಷ್ಟು ಹಳೆಯ ಹುಣಸೆಯ ಮರಗಳಿವೆ. ಇವನ್ನು ಚೋಳರು ನೆಡಿಸಿದರೆಂಬುದು ಐತಿಹ್ಯ. ಹಳೆಯ ಹುಣಸೆಯ ಒಡಲು ಟೊಳ್ಳಾದರೂ ಚಿಗುರುವುದುಂಟು. ಏಕೆಂದರೆ ಅದರ ಜೀವವಿರುವುದು ಒಳಗಿನ ಚೇಗಿನಲ್ಲಲ್ಲ, ತೊಗಟೆಯ ಕೆಳಗಣ ತೆಳುಪದರದಲ್ಲಿ.

2007ರಲ್ಲಿ ಈ ತೋಪು ಭಾರತದ ಮೊತ್ತಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಇದಕ್ಕೆ ಆಧಾರವಾದ 2002ನೆಯ ಇಸವಿಯ ಜೀವವೈವಿಧ್ಯ ಅಧಿನಿಯಮದ 37ನೆಯ ಪ್ರಕರಣವು, ಸರಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿಯೇ ಇಂತಹ ಘೋಷಣೆಯನ್ನು ಮಾಡತಕ್ಕುದೆಂದು ವಿಧಿಸುತ್ತದೆ. ಇದು ಯುಕ್ತವೇ ಸರಿ. ಹುಣಸೆಯನ್ನು ನೆಡುವವನು ಬಹುಮಟ್ಟಿಗೆ ಮೊಮ್ಮಕ್ಕಳಿಗಾಗಿಯೇ ನೆಡುವನು. ಇರುವ ಮರಗಳನ್ನು ಶಾಸನವೂ ಬೇಲಿಯೂ ಕಾಯಬಲ್ಲುವು. ಬಿದ್ದ ಮರದೆಡೆಯಲ್ಲಿ ಸಸಿಯನ್ನಿಟ್ಟು ನೀರೆರೆದು ತೋಪನ್ನು ಮುಂದಿನ ತಲೆಮಾರಿಗೆ ಒಪ್ಪಿಸಬೇಕಾದವರು ಊರವರೇ.