ಆಟದ ಪರದೆಗೊಂದು ಸ್ವಂತ ವೇಷ

ಅವತಾರವೆಂಬುದು ನಮಗೆ ಹೊಸ ಶಬ್ದವಲ್ಲ. ಆದರೆ ದಶಾವತಾರದ ಆ ಶಬ್ದ ಕಂಪ್ಯೂಟರ್ ಆಟಗಳಲ್ಲಿಯೂ ನೆಲೆಯೂರಿರುವುದು ಹಲವು ಹಿರಿಯರಿಗೆ ತಿಳಿದಿರಲಾರದು. 1985ರಲ್ಲಿ ಬಂದ 'ಅಲ್ಟಿಮಾ 4' ಎಂಬ ಅಮೆರಿಕದ ಆಟದ ಹೆಸರಿನಲ್ಲೇ ಅದು ಸೇರಿತ್ತು. ಮರುವರ್ಷ ಪ್ರಯೋಗಕ್ಕೆ ಬಂದ ಲೂಕಾಸ್‌ಫಿಲ್ಮ್‌ನವರ 'ಹ್ಯಾಬಿಟಾಟ್'ನಲ್ಲಿ, ಆಡುವವರ ಪರವಾಗಿ ಪರದೆಯ ಮೇಲೆ ಓಡಾಡುವ ಬೊಂಬೆಗೂ ಅದೇ ಹೆಸರಾಯಿತು. ಈಗ ಆಟಗಾರನ ಹೆಸರಿನ ಪಕ್ಕದಲ್ಲಿರುವ ಪುಟ್ಟ ಚಿತ್ರವೂ ಅವತಾರವೇ.

ನಮ್ಮ ನೆರೆಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಅವನದು ಮುಸುಕುಧಾರಿಯ ಅವತಾರ. ಜೊತೆಗಾರರಲ್ಲಿ ಮೂವರದೂ ಅದೇ. ಬೇರೆಯದು ಬೇಕೆಂದರೆ ಹಣ ತೆರಬೇಕು. ತನ್ನದೇ ಫೋಟೋ ಹಾಕೋಣವೆಂದರೆ, ಅಪರಿಚಿತರ ನಡುವೆ ಮಕ್ಕಳ ಮುಖ ತೋರಿಸುವುದು ವಿವೇಕವಲ್ಲ. "ಹಾಗಾದರೆ ನೀನೇ ಬರೆ" ಎಂದೆವು. ಅವನು ಬರೆಯ ಹೊರಟದ್ದು ಯಕ್ಷಗಾನದ ಬಣ್ಣದ ವೇಷವನ್ನು.

ಮೊದಲು ಚೌಕಾಕಾರದ ಕಾಗದದಲ್ಲಿ ಪೆನ್ಸಿಲಿನಿಂದ ಮುಖ ಬರೆದ. ಪರದೆಯಲ್ಲಿ ಕಾಣುವುದು ಉಗುರಿನಷ್ಟೇ ದೊಡ್ಡ ಚಿತ್ರವಾದ್ದರಿಂದ ಸೂಕ್ಷ್ಮ ಗೆರೆಗಳು ವ್ಯರ್ಥ. ಕಣ್ಣು, ಹುಬ್ಬು, ಕಿರೀಟದ ಅಂಚು, ಇಷ್ಟನ್ನೇ ಕಪ್ಪು ಶಾಯಿಯಲ್ಲಿ ದಪ್ಪಗೆ ತಿದ್ದಿ, ಪೆನ್ಸಿಲಿನ ಗುರುತು ಅಳಿಸಿದ. ಬಳಿಕ ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದೆವು.

ಬಣ್ಣ ತುಂಬಲು ಬಳಸಿದ್ದು 'ಕ್ರಿಟಾ' ಎಂಬ ತಂತ್ರಾಂಶ, ಅದಕ್ಕೆ ಬೆಲೆಯಿಲ್ಲ. ಅದರಲ್ಲಿ ಚಿತ್ರವನ್ನು ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ ಪದರ ಪದರವಾಗಿ ಜೋಡಿಸಬಹುದು. ಗೆರೆಯ ಪದರವನ್ನು ಮೇಲಿಟ್ಟು 'ಮಲ್ಟಿಪ್ಲೈ' ಎಂಬ ಕ್ರಮಕ್ಕೆ ತಂದರೆ ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ. ಕೆಳಗಿನ ಪದರದಲ್ಲಿ ಎಷ್ಟು ಸಲ ಬಣ್ಣ ಬದಲಿಸಿದರೂ ಗೆರೆಗೆ ಧಕ್ಕೆಯಿಲ್ಲ. ಮೊದಲ ಯತ್ನದಲ್ಲಿ ನಾವು ಎಡವಿದೆವು: ಕಿವಿಯ ಬಳಿ ಗೆರೆ ಕೂಡಿರಲಿಲ್ಲ, ತುಂಬಿದ ಕೆಂಪು ಹಾಳೆಯಿಡೀ ಹರಡಿತು. ಆ ಸಂದು ಮುಚ್ಚಿದ ಮೇಲೆ ಕೆಲಸ ಸುಗಮವಾಯಿತು. ಕೊನೆಗೆ ಪಿಎನ್‌ಜಿ ರೂಪದಲ್ಲಿ ಉಳಿಸಿದೆವು. 'ಸ್ಟೀಮ್'ನಂತಹ ಕಡೆ ಸ್ವಂತ ಚಿತ್ರ ಏರಿಸಬಹುದು; ಎಲ್ಲ ಆಟಗಳಲ್ಲಿಯೂ ಈ ಅನುಕೂಲವಿಲ್ಲ.

ಮರುದಿನವೇ ಹುಡುಗ ಬಂದ. ಜೊತೆಗಾರನೊಬ್ಬ "ಇದ್ ಕಥಕಳಿಯಲ್ಲೇ?" ಎಂದು ಕೇಳಿದನಂತೆ. ಏನು ಹೇಳಬೇಕೆಂದು ಇವನಿಗೆ ತೋಚಲಿಲ್ಲ. ಕಥಕಳಿಯ ಚುಟ್ಟಿ ದವಡೆಯ ಅಂಚಿಗೆ ಬಿಳಿಯ ಕಟ್ಟಿನಂತೆ ನಿಲ್ಲುತ್ತದೆ, ನಮ್ಮ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಮುಖದ ಮೇಲೆಯೇ ಮುಳ್ಳುಮುಳ್ಳಾಗಿ ಏಳುತ್ತದೆ ಎಂದು ವಿವರಿಸಿದೆವು. ಚೌಕಿಯಲ್ಲಿ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಪದ್ಧತಿಯನ್ನೂ ಹೇಳಿದೆವು. ಅವನು ಅದನ್ನೆಲ್ಲ ಮಲಯಾಳದಲ್ಲಿ ಗೆಳೆಯನಿಗೆ ತಿಳಿಸಿದ. ಮುಂದಿನ ಬಯಲಾಟಕ್ಕೆ ಗೆಳೆಯನೂ ಬರುವನಂತೆ.

ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಬೀದಿಯಲ್ಲಿ, ಶಾಲೆಯಲ್ಲಿ, ಈಗ ಆಟದ ಪರದೆಯಲ್ಲಿಯೂ ಇತರರ ನಡುವೆಯೇ ಬಾಳಬೇಕು. ಅಲ್ಲಿ ತಮ್ಮದೆಂದು ತೋರಿಸಲು ಅವರಿಗೂ ಏನಾದರೊಂದು ಬೇಡವೇ? ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳುವ ಮೊದಲು, ಹೆತ್ತವರು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು ನೋಡಬಾರದೇ?