ಎರಡು ಬಂದರುಗಳಿಗೆ ಹುಣಸೂರು ಭಾಗದ ಲಾರಿ ಸಾಗಣೆ: ವರ್ತಕರು ಗಮನಿಸಬೇಕಾದ ಅಂಶಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸರಕಿಗೆ ಸಮುದ್ರದತ್ತ ಎರಡು ಪ್ರಮುಖ ದಾರಿಗಳಿವೆ. ಒಂದು, ಮಡಿಕೇರಿ–ಸಂಪಾಜೆ ಘಾಟಿಯ ಮೂಲಕ ಪಣಂಬೂರಿನ ನವ ಮಂಗಳೂರು ಬಂದರು. ಇನ್ನೊಂದು, ಕೇರಳದ ಗಡಿ ದಾಟಿ ಕೊಚ್ಚಿ. ಅಲ್ಲಿನ ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ 2011ರಲ್ಲಿ ಆರಂಭವಾಯಿತು. ಮಂಗಳೂರು ಮತ್ತು ಕೊಚ್ಚಿಯ ನಡುವೆ ತಲಪಾಡಿ ಗಡಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಬಾಡಿಗೆಯನ್ನು ಕಿಲೋಮೀಟರಿನ ಲೆಕ್ಕದಿಂದಷ್ಟೇ ಅಂದಾಜು ಮಾಡುವ ವರ್ತಕರು ನಷ್ಟಕ್ಕೆ ಗುರಿಯಾಗುವ ಸಂಭವವುಂಟು. ಲಾರಿಯು ದಾರಿಯಲ್ಲಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದೂ ಅಷ್ಟೇ ಮುಖ್ಯ.

ಪೂರ್ಣ ಲೋಡೋ, ಬಿಡಿ ಲೋಡೋ?

ಪೂರ್ಣ ಲೋಡಿನಲ್ಲಿ ಇಡೀ ಲಾರಿಯು ಒಬ್ಬರ ಸರಕಿಗೇ ಮೀಸಲು. ನಡುವೆ ಗೋದಾಮಿನಲ್ಲಿ ಇಳಿಸಿ ಏರಿಸುವ ಪ್ರಮೇಯವಿಲ್ಲ. ಶುಂಠಿಯಂತಹ ಬೇಗ ಕೆಡುವ ಸರಕಿಗೂ, ಹಡಗಿನ ವೇಳೆಗೆ ತಲುಪಬೇಕಾದ ರಫ್ತು ಸರಕಿಗೂ ಇದೇ ಸೂಕ್ತ. ಆದರೆ ಲಾರಿ ಅರ್ಧ ಖಾಲಿಯಿದ್ದರೂ ಪೂರ್ತಿ ಬಾಡಿಗೆ ತೆರಬೇಕು. ವಾಪಸು ಲೋಡು ಸಿಗದ ಮಾರ್ಗದಲ್ಲಿ ಹಿಂದಿರುಗುವ ವೆಚ್ಚವೂ ಬಾಡಿಗೆಯಲ್ಲಿ ಸೇರಿರುತ್ತದೆ. ಸಣ್ಣ ತಯಾರಕರು ಇಬ್ಬರು ಮೂವರು ಕೂಡಿ ಲಾರಿ ಗೊತ್ತುಮಾಡಿಕೊಂಡರೆ ಈ ಹೊರೆ ಹಂಚಿಹೋಗುತ್ತದೆ.

ಅರಣ್ಯದ ಗೇಟುಗಳು

ನಕಾಶೆಯಲ್ಲಿ ಹತ್ತಿರವಾಗಿ ಕಾಣುವ ದಾರಿಯೆಲ್ಲ ಲಾರಿಗೆ ಒದಗುವುದಿಲ್ಲ. ವೀರನಹೊಸಹಳ್ಳಿಯಿಂದ ನಾಗರಹೊಳೆ ಅರಣ್ಯದೊಳಗೆ ಕುಟ್ಟದತ್ತ ಸಾಗುವ ರಸ್ತೆಯು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಗೂ 2008ರಿಂದ ಇದೇ ನಿಯಮ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಹೀಗಾಗಿ ರಾತ್ರಿ ಸಂಚಾರಕ್ಕೆ ಹುಣಸೂರು–ಆನೆಚೌಕೂರು–ಗೋಣಿಕೊಪ್ಪ ರಸ್ತೆಯೇ ಬದಲಿ ಮಾರ್ಗವಾಗಿದೆ. ಅಲ್ಲಿಂದ ವಿರಾಜಪೇಟೆ, ಮಾಕುಟ್ಟ ಘಾಟಿಯ ಮೂಲಕ ಕಣ್ಣೂರು ಜಿಲ್ಲೆಯನ್ನು ಸೇರಬಹುದು. ಸಂಜೆ 5ಕ್ಕೆ ಲೋಡು ಮುಗಿದ ಲಾರಿಯನ್ನು ತಪ್ಪು ದಾರಿಗೆ ಕಳುಹಿಸಿದರೆ ಗೇಟಿನ ಮುಂದೆ ಹನ್ನೆರಡು ಗಂಟೆ ಕಳೆಯಬೇಕಾದೀತು. ಹಾಲ್ಟಿಂಗ್ ಶುಲ್ಕವೂ ಆಗ ಸರಕಿನವರ ಮೇಲೆಯೇ ಬೀಳಬಹುದು.

ಇ-ವೇ ಬಿಲ್ಲಿನ ಗಡುವು

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಗಡಿಯ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ರದ್ದಾದವು. ಅಧಿಕಾರಿಗಳು ಮಾತ್ರ ದಾರಿಯಲ್ಲಿ ಎಲ್ಲಿ ಬೇಕಾದರೂ ತಪಾಸಣೆ ನಡೆಸಬಹುದು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಅವಶ್ಯ. 2021ರ ಜನವರಿಯಿಂದ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿ ನಿಗದಿಯಾಗಿದೆ. 400 ಮೀರಿ 600 ಕಿ.ಮೀ.ವರೆಗಿನ ದೂರಕ್ಕೆ ಮೂರು ದಿನ ದೊರೆಯುತ್ತದೆ. ಲಾರಿಯ ಸಂಖ್ಯೆಯನ್ನು ಮೊದಲು ನಮೂದಿಸಿದಾಗಿನಿಂದ ಗಡುವು ಆರಂಭವಾಗುವುದರಿಂದ, ಲಾರಿ ಹೊರಡಲು ಸಿದ್ಧವಾದ ಮೇಲೆಯೇ ಅದನ್ನು ತುಂಬುವುದು ಲೇಸು. ದಾರಿಯಲ್ಲಿ ತಡವಾದರೆ ಗಡುವು ಮುಗಿಯುವ ಮುನ್ನ ಅಥವಾ ಮುಗಿದ 8 ಗಂಟೆಗಳೊಳಗೆ ವಿಸ್ತರಿಸಿಕೊಳ್ಳಬಹುದು. ಇದನ್ನು ಮರೆತರೆ ತೆರಿಗೆಯ ಎರಡು ಪಟ್ಟು ದಂಡ ತೆರಬೇಕಾಗಬಹುದು. ಮರಮುಟ್ಟು ಸಾಗಿಸುವವರು ಅರಣ್ಯ ಇಲಾಖೆಯ ರಹದಾರಿಯನ್ನೂ, ಲಾರಿಯ ರಾಷ್ಟ್ರೀಯ ಪರವಾನಗಿಯನ್ನೂ ಮೊದಲೇ ಪರಿಶೀಲಿಸಬೇಕು.

ತೂಕದ ಮಿತಿ

ಲಾರಿಗಳ ಒಟ್ಟು ತೂಕದ ಮಿತಿಯನ್ನು 2018ರ ಜುಲೈನಲ್ಲಿ ಏರಿಸಲಾಯಿತು. ಆದರೂ ಆಯಾ ಲಾರಿಯ ನೋಂದಣಿ ಪತ್ರದಲ್ಲಿ ನಮೂದಾದ ತೂಕವೇ ಪ್ರಮಾಣ. 2019ರ ತಿದ್ದುಪಡಿಯಂತೆ ಅಧಿಕ ಭಾರಕ್ಕೆ 20,000 ರೂ. ದಂಡವಿದ್ದು, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಸೇರುತ್ತದೆ. ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸಬೇಕಾಗುತ್ತದೆ. ಒಂದೆರಡು ಟನ್ನಿನ ಬಾಡಿಗೆ ಉಳಿಸಹೋಗಿ ಹಡಗು ತಪ್ಪಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ.

ದಾರಿ ಮುಚ್ಚಿದಾಗ

2018ರ ಆಗಸ್ಟ್ ತಿಂಗಳ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಸರಕು ಲಾರಿಗಳು ನಿಂತುಹೋದವು. ಒಂದೇ ಮಾರ್ಗವನ್ನು ನೆಚ್ಚಿಕೊಂಡವರಿಗೆ ಇಂತಹ ದಿನಗಳಲ್ಲಿ ಪೆಟ್ಟು ಹೆಚ್ಚು.

ಆದುದರಿಂದ ಬಾಡಿಗೆಯ ಒಪ್ಪಂದದಲ್ಲಿ ಮಾರ್ಗ, ಬದಲಿ ಮಾರ್ಗ, ಹಾಲ್ಟಿಂಗ್ ದರ ಮತ್ತು ಸರಕಿನ ವಿಮೆ ಯಾರ ಹೊಣೆ ಎಂಬುದನ್ನು ಲಿಖಿತವಾಗಿ ನಮೂದಿಸಿಕೊಳ್ಳುವುದು ಒಳಿತು. ಮಳೆಗಾಲದಲ್ಲಿ ಬಂದರಿನ ಗಡುವಿಗಿಂತ ಒಂದು ದಿನ ಮುಂಚಿತವಾಗಿ ಲಾರಿ ಹೊರಡಿಸುವುದೂ ಅಪೇಕ್ಷಣೀಯ.