ಗಿರಾಕಿಯ ಬಿಡಿಭಾಗವೂ ದುರಸ್ತಿಯವನ ಹೊಣೆಯೂ

ವೈಟ್‌ಫೀಲ್ಡಿನಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತಲಾಗಲಿ ವಾಹನವನ್ನು ದುರಸ್ತಿಗೆ ಒಯ್ಯುವವರಲ್ಲಿ ಕೆಲವರು ಈಗ ಬರಿಗೈಯಲ್ಲಿ ಹೋಗುವುದಿಲ್ಲ. ಬ್ರೇಕ್ ಪ್ಯಾಡನ್ನೋ ಕ್ಲಚ್ ಪ್ಲೇಟನ್ನೋ ಅಂತರಜಾಲದ ಮೂಲಕ ಮನೆಗೇ ತರಿಸಿಕೊಂಡು, ಇಲ್ಲವೆ ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡು, "ಇದನ್ನು ಹಾಕಿಕೊಡಿ, ಕೂಲಿ ಕೊಡುತ್ತೇವೆ" ಎಂದು ಮುಂದಿಡುತ್ತಾರೆ. ಕೆಲವು ಗ್ಯಾರೇಜಿನವರು ಒಪ್ಪುವರು. ಮತ್ತೆ ಕೆಲವರು ಹೊರಗಿನ ಸಾಮಾನನ್ನು ಮುಟ್ಟುವುದೇ ಇಲ್ಲವೆನ್ನುವರು. ಇದು ಅಲ್ಪ ವಿಷಯವೆಂದು ವಾಚಕರು ತಳ್ಳಿಹಾಕಬಾರದು. ಒಂದು ಕಡೆ ಸಂಬಳದಾರನ ಹಣವಿದೆ, ಇನ್ನೊಂದು ಕಡೆ ಮೆಕ್ಯಾನಿಕನ ಹೊಟ್ಟೆಪಾಡಿದೆ. ಬ್ರೇಕಿನ ಮಾತು ಬಂದಲ್ಲಿ ದಾರಿಹೋಕರ ಪ್ರಾಣವೂ ಸೇರುತ್ತದೆ.

ಪರರ ಸಾಮಾನಿನ ಮೇಲೆ ಕೆಲಸ ಮಾಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ದರ್ಜಿಯು ನಾವು ಒಯ್ದ ಬಟ್ಟೆಯನ್ನೇ ಹೊಲಿಯುತ್ತಾನೆ. ಗಿರಣಿಯವನು ನಮ್ಮ ರಾಗಿಯನ್ನೇ ಬೀಸಿಕೊಡುತ್ತಾನೆ. ಅಕ್ಕಸಾಲಿಗನು ನಮ್ಮ ಚಿನ್ನವನ್ನು ಒರೆಗೆ ಹಚ್ಚಿ, ತೂಗಿ, ಆಮೇಲೆ ಕೈಗೆತ್ತಿಕೊಳ್ಳುತ್ತಾನೆ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಂತೂ ಎಷ್ಟೋ ಸಣ್ಣ ಕಾರ್ಖಾನೆಗಳು ನಡೆಯುವುದೇ ಜಾಬ್‌ವರ್ಕಿನಿಂದ. ದೊಡ್ಡ ಕಂಪನಿಯ ಉಕ್ಕು ಚಲನ್ನಿನೊಡನೆ ಬರುತ್ತದೆ, ಕಡೆತವೋ ಕೊರೆತವೋ ಮುಗಿದ ಮೇಲೆ ಹಿಂದಿರುಗುತ್ತದೆ. ಸರಕು ಕೆಟ್ಟರೆ ದೋಷವು ಮೂಲವಸ್ತುವಿನದೋ ಕೆಲಸದ್ದೋ ಎಂಬುದನ್ನು ಅಳೆದು ನೋಡಿ ಗೊತ್ತುಮಾಡುವರು. ಪೀಣ್ಯದಲ್ಲಿ ನಡೆಯುವ ಪದ್ಧತಿಯು ವೈಟ್‌ಫೀಲ್ಡಿನ ಗ್ಯಾರೇಜಿನಲ್ಲಿ ಏಕೆ ನಡೆಯಬಾರದು?

ಮೆಕ್ಯಾನಿಕರ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಕಾರಿನ ಕ್ಲಚ್ ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಗಿರಾಕಿ ತಂದ ಪ್ಲೇಟು ನಕಲಿಯಾಗಿ ತಿಂಗಳೊಳಗೆ ಸವೆದರೆ, ಅಷ್ಟು ಕೆಲಸವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುವುದು. ಅಂಗಡಿಯವನು ಪ್ಲೇಟನ್ನು ಬದಲಿಸಿಕೊಟ್ಟಾನು; ಎರಡನೆಯ ಸಲದ ಕೂಲಿಯನ್ನು ಕೊಡುವವರಾರು? ಆದರೆ ಆಕ್ಷೇಪಣೆಗೆ ಮತ್ತೊಂದು ಕಾರಣವೂ ಉಂಟು. ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ಎಷ್ಟೋ ಗ್ಯಾರೇಜುಗಳು ಕೂಲಿಯನ್ನು ಕಡಮೆ ತೋರಿಸಿ ಬಿಡಿಭಾಗದ ಲಾಭದಲ್ಲಿ ಅದನ್ನು ತುಂಬಿಕೊಳ್ಳುತ್ತವೆ. ಸಾಮಾನನ್ನು ತಾನೇ ತಂದ ಗಿರಾಕಿಯು ತಿಳಿಯದೆಯೇ ಕೆಲಸಗಾರನ ಕೂಲಿಗೆ ಕೈಹಾಕಿದಂತಾಗುತ್ತದೆ. ಇದಕ್ಕೆ ಮದ್ದು ನಿರಾಕರಣೆಯಲ್ಲ. ಕುಶಲ ಕೆಲಸಕ್ಕೆ ತಕ್ಕ ಕೂಲಿಯನ್ನು ಫಲಕದಲ್ಲಿ ಬರೆದು ಹಾಕಲಿ. ಅದು ಹೆಚ್ಚಾದರೂ ಗಿರಾಕಿಯು ಗೊಣಗದೆ ಕೊಡಲಿ.

ಕಾನೂನು ಇಬ್ಬರನ್ನೂ ಕೈಬಿಟ್ಟಿಲ್ಲ. 1872ರ ಕರಾರು ಕಾಯಿದೆಯ 150ನೆಯ ಕಲಮಿನಂತೆ, ವಸ್ತುವನ್ನು ಒಪ್ಪಿಸುವವನು ತನಗೆ ತಿಳಿದ ದೋಷವನ್ನು ಮರೆಮಾಚಕೂಡದು. 170ನೆಯ ಕಲಮಿನಂತೆ, ಕೆಲಸ ಮಾಡಿದವನು ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ತಡೆಹಿಡಿಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಾದರೋ ಕೆಲಸದ ಲೋಪಕ್ಕೆ ಮಾತ್ರವಲ್ಲದೆ, ಅಪಾಯದ ಬಗ್ಗೆ ತಕ್ಕ ಎಚ್ಚರಿಕೆಯನ್ನು ಕೊಡದಿರುವುದಕ್ಕೂ ದುರಸ್ತಿಯವನನ್ನು ಹೊಣೆಯಾಗಿಸುತ್ತದೆ. "ಸಾಮಾನು ನಿಮ್ಮದು, ನಮಗೇನು ಗೊತ್ತು?" ಎಂದು ಕೈತೊಳೆದುಕೊಳ್ಳುವುದು ಇನ್ನು ಸುಲಭವಲ್ಲ.

ಆದಕಾರಣ ಗಿರಾಕಿಯ ಸಾಮಾನನ್ನು ಜೋಡಿಸಿಕೊಡತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಆದರೆ ಮೊದಲು ಒಂದು ಚೀಟಿಯಾಗಲಿ: ಭಾಗ ಯಾರದು, ಎಲ್ಲಿ ಕೊಂಡದ್ದು, ಅದು ಕೆಟ್ಟರೆ ಮರುಕೂಲಿ ಯಾರ ತಲೆಯ ಮೇಲೆ ಎಂಬುದು ಅದರಲ್ಲಿರಲಿ. ಭಾಗವು ಕೆಟ್ಟರೆ ಮರುಕೂಲಿಯು ಗಿರಾಕಿಯದೇ. ಜೋಡಣೆ ಕೆಟ್ಟರೆ ಮೆಕ್ಯಾನಿಕನದು. ಬ್ರೇಕ್, ಸ್ಟಿಯರಿಂಗ್, ಟೈರುಗಳ ವಿಷಯದಲ್ಲಿ ಮಾತ್ರ, ಸಂದೇಹ ಬಂದ ಭಾಗವನ್ನು ಮೆಕ್ಯಾನಿಕನು ಮುಲಾಜಿಲ್ಲದೆ ಹಿಂದಿರುಗಿಸಬೇಕು. ಅಲ್ಲಿ ಚೀಟಿಯಿಂದ ಪ್ರಾಣ ಉಳಿಯದು.

ಈ ಜಗಳದಲ್ಲಿ ಬೀದಿಯ ಮೆಕ್ಯಾನಿಕನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಕ್ಕದಂತೆ ಮಾಡಿದ್ದರೆಂಬುದೇ ಆಗಿನ ಆಕ್ಷೇಪ. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತೂ ಕೂಡದೆಂದು ಆಯೋಗವು ಹೇಳಿತು. ದಂಡದ ವಿಷಯವು ಆಮೇಲೆ ಮೇಲ್ಮನವಿಗಳಿಗೆ ಹೋಯಿತು, ಅದಿರಲಿ. ಅಸಲಿ ಭಾಗವು ಮೆಕ್ಯಾನಿಕನಿಗೂ ಗಿರಾಕಿಗೂ ಒಂದೇ ಅಂಗಡಿಯಲ್ಲಿ, ಅಚ್ಚಾದ ಒಂದೇ ಬೆಲೆಗೆ ದೊರೆಯುವಂತಾದರೆ, ಚೀಲದಲ್ಲಿ ಕ್ಲಚ್ ಪ್ಲೇಟನ್ನಿಟ್ಟುಕೊಂಡು ಗ್ಯಾರೇಜಿಗೆ ಹೋಗುವ ಗೋಜು ಯಾರಿಗೆ ಬೇಕು?